ಬೇಡವೆಂದದ್ದು ಕೆಲಸವನ್ನಲ್ಲ

ಕಾರ್ಮಿಕ ಸಂಘದ ಪತ್ರಿಕೆಯಲ್ಲಿ ಇಂಗ್ಲಿಷರ ಪಂಕ್ ರಾಕ್ ತಟ್ಟೆಯೊಂದರ ಮಾತು ಏಕೆ ಬರಬೇಕು ಎಂದು ನಮ್ಮ ಹಿರಿಯ ವಾಚಕರು ಕೇಳುವುದು ಸಹಜ. ತುಟ್ಟಿಭತ್ತೆ, ಭವಿಷ್ಯನಿಧಿ, ಖೋಲಿಯ ಬಾಡಿಗೆ, ರಾತ್ರಿಶಾಲೆ ಇವುಗಳಿಗೇ ಸಾಲದ ಪುಟಗಳನ್ನು ಲಂಡನ್ನಿನ ನಾಲ್ವರು ಹುಡುಗರ ಕೂಗಾಟಕ್ಕೆ ಬಿಟ್ಟುಕೊಡುವುದೇ ಎಂದು ಹುಬ್ಬು ಗಂಟಿಕ್ಕುವವರೂ ಇದ್ದಾರು. ಅವರಲ್ಲಿ ನಮ್ಮ ವಿನಂತಿ ಇಷ್ಟೇ: ಈ ತಟ್ಟೆಯಲ್ಲಿರುವ ೧೪ ಹಾಡುಗಳಲ್ಲಿ ಪ್ರೇಮಗೀತೆ ಎನ್ನಬಹುದಾದದ್ದು ಒಂದೂ ಇಲ್ಲ. ಅಲ್ಲಿ ಇರುವುದು ಕಚೇರಿ, ಕೂಲಿ, ನಿರುದ್ಯೋಗ, ವಾರದ ರಜೆ, ಪೊಲೀಸರು, ಬೀದಿ, ಬೇಸರ. ಇವು ನಮಗೆ ಸಂಬಂಧಿಸಿದ್ದಲ್ಲವಾದರೆ ಮತ್ತಾವುದು ಸಂಬಂಧಿಸಿದ್ದು?

ಇನ್ನೊಂದು ಕಾರಣವೂ ಉಂಟು. ‘ಈಗಿನ ಹುಡುಗರಿಗೆ ಕೆಲಸ ಬೇಡ, ಸಂಬಳ ಮಾತ್ರ ಬೇಕು’ ಎಂಬ ಮಾತು ನಮ್ಮವರ ಬಾಯಲ್ಲಿ ಈಚೆಗೆ ಹೆಚ್ಚಾಗಿ ಕೇಳಿಬರುತ್ತಿದೆ. ಪದವಿ ಮುಗಿಸಿದ ಮಗನು ಮೂರು ತಿಂಗಳಲ್ಲಿ ಎರಡು ನೌಕರಿಗಳನ್ನು ಬಿಟ್ಟು ಬಂದು ಮನೆಯಲ್ಲಿ ಕುಳಿತರೆ ತಂದೆಗೆ ಸಂಕಟವಾಗುವುದು ನ್ಯಾಯವೇ. ಆದರೆ ಆ ಮಗನ ಪಕ್ಷದ ವಾದವನ್ನು ಯಾರಾದರೂ ಸರಿಯಾಗಿ ಮಂಡಿಸಿದ್ದಾರೆಯೇ ಎಂದು ಹುಡುಕಿದರೆ, ಸುಮಾರು ೫೦ ವರ್ಷಗಳ ಹಿಂದೆ ‘ದಿ ಕ್ಲಾಷ್’ ಎಂಬ ತಂಡವು ತನ್ನ ಹೆಸರನ್ನೇ ಇಟ್ಟು ಹೊರಡಿಸಿದ ಈ ಮೊದಲ ತಟ್ಟೆಯಷ್ಟು ಚೊಕ್ಕವಾಗಿ ಮಂಡಿಸಿದವರು ವಿರಳ ಎಂದು ನಾವು ತಿಳಿದಿದ್ದೇವೆ. ಅದು ಇಂದಿಗೂ ಮಾರಾಟವಾಗುತ್ತಿರುವುದಕ್ಕೆ, ಹುಟ್ಟುವ ಮೊದಲೇ ಹೊರಬಂದ ತಟ್ಟೆಯನ್ನು ಇಂದಿನ ತರುಣರು ಕಿವಿಗೆ ಸಿಕ್ಕಿಸಿಕೊಂಡು ತಿರುಗುವುದಕ್ಕೆ, ಇದೇ ಮುಖ್ಯ ಕಾರಣವೆಂಬುದು ನಮ್ಮ ಅಭಿಮತ.

ಕ್ಲಾಷ್ ಎಂದರೆ ಘರ್ಷಣೆ. ಪತ್ರಿಕೆಗಳ ತಲೆಬರಹಗಳಲ್ಲಿ ಈ ಪದ ಮತ್ತೆಮತ್ತೆ ಕಾಣಿಸುತ್ತಿದ್ದುದರಿಂದ ತಂಡದ ಪಾಲ್ ಸಿಮೊನನ್ ಇದನ್ನೇ ಹೆಸರಾಗಿ ಆರಿಸಿದನಂತೆ. ಹಾಡುವವನು ಜೋ ಸ್ಟ್ರಮ್ಮರ್, ಗಿಟಾರಿನವನು ಮಿಕ್ ಜೋನ್ಸ್, ಮಂದ್ರದ ಗಿಟಾರಿಗೆ ಸಿಮೊನನ್, ಡ್ರಮ್ಮಿಗೆ ಟೆರಿ ಚೈಮ್ಸ್. ಸಿಮೊನನ್‌ಗೆ ವಾದ್ಯ ಬಾರಿಸಲು ಮೊದಲು ಬರುತ್ತಲೇ ಇರಲಿಲ್ಲ. ತಂಡಕ್ಕೆ ಸೇರಿದ ಮೇಲೆ, ಸ್ವರಗಳ ಹೆಸರನ್ನು ಗಿಟಾರಿನ ಕತ್ತಿನ ಮೇಲೆ ಬರೆದಿಟ್ಟುಕೊಂಡು ಕಲಿತವನು ಅವನು. ೧೯೭೬ರ ಜುಲೈ ೪ರಂದು ಶೆಫೀಲ್ಡ್ ಪಟ್ಟಣದಲ್ಲಿ ಇವರ ಮೊದಲ ಪ್ರದರ್ಶನ. ೧೯೭೭ರ ಫೆಬ್ರವರಿಯಲ್ಲಿ, ಮೂರು ವಾರಾಂತ್ಯಗಳ ಕೆಲಸದಲ್ಲಿ, ತಟ್ಟೆಯ ಮುದ್ರಣ. ಏಪ್ರಿಲ್ ೮ಕ್ಕೆ ಅಂಗಡಿಗೆ. ಎಲ್ಲ ಸೇರಿ ಸುಮಾರು ೩೫ ನಿಮಿಷದ ಸಂಗೀತ. ತಟ್ಟೆ ಹೊರಬರುವಷ್ಟರಲ್ಲಿ ಚೈಮ್ಸ್ ತಂಡವನ್ನು ಬಿಡುವವನಾಗಿದ್ದ. ಉಳಿದವರು ಸುಮ್ಮನಿರದೆ ರಕ್ಷಾಕವಚದ ಮೇಲೆ ಅವನ ಹೆಸರನ್ನು ‘ಟೋರಿ ಕ್ರೈಮ್ಸ್’ ಎಂದು ತಿರುಚಿ ಅಚ್ಚು ಹಾಕಿಸಿದರು. ಟೋರಿ ಎಂದರೆ ಅಲ್ಲಿನ ಸಂಪ್ರದಾಯ ಪಕ್ಷದವನು, ಕ್ರೈಮ್ಸ್ ಎಂದರೆ ಅಪರಾಧಗಳು. ಬಿಟ್ಟು ಹೋಗುವವನಿಗೆ ಹೀಗೆ ಬೀಳ್ಕೊಡುಗೆ ಕೊಡುವುದು ನಮ್ಮ ಸಂಘಗಳಲ್ಲಿಯೂ ಕಾಣದ ಸಂಗತಿಯೇನಲ್ಲ.

ಬ್ರಿಟನ್ನಿನ ಆಗಿನ ಸ್ಥಿತಿಯನ್ನು ಎರಡು ಮಾತಿನಲ್ಲಿ ನೆನಪಿಸಿಕೊಳ್ಳಬೇಕು. ಜಗತ್ತಿಗೆಲ್ಲ ಸಾಲ ಕೊಟ್ಟು ಬಡ್ಡಿ ಎಣಿಸಿದ ಆ ದೇಶವು ೧೯೭೬ರಲ್ಲಿ ತಾನೇ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಬಾಗಿಲಿಗೆ ಹೋಗಿ ೩೯೦ ಕೋಟಿ ಡಾಲರುಗಳ ಸಾಲ ಕೇಳಬೇಕಾಯಿತು. ಸಾಲ ಕೊಟ್ಟವರು ಖರ್ಚು ಕಡಿತಗೊಳಿಸಿರೆಂದರು. ಕಡಿತವಾದದ್ದು, ಎಲ್ಲೆಡೆ ಆಗುವಂತೆ, ಸಾರ್ವಜನಿಕ ಸೇವೆಗಳಲ್ಲಿ. ನಿರುದ್ಯೋಗಿಗಳ ಸಂಖ್ಯೆ ೧೦ ಲಕ್ಷವನ್ನು ದಾಟಿ ಮೇಲೇರುತ್ತಿತ್ತು. ಶಾಲೆ ಬಿಟ್ಟು ಹೊರಬಂದ ಹುಡುಗ ಹುಡುಗಿಯರು ವಾರವಾರ ಸಾಲಿನಲ್ಲಿ ನಿಂತು ಸರಕಾರದ ನಿರುದ್ಯೋಗ ಭತ್ತೆ ಪಡೆಯುವ ಕಾಲ ಅದು. ಅಧಿಕಾರದಲ್ಲಿದ್ದದ್ದು ಕಾರ್ಮಿಕ ಪಕ್ಷವೇ ಎಂಬುದನ್ನು ಬರೆಯುವಾಗ ನಮಗೆ ಸಂತೋಷವೇನೂ ಆಗುವುದಿಲ್ಲ.

ಈಗ ಹಾಡುಗಳಿಗೆ ಬರೋಣ. ತಟ್ಟೆಯ ಮೊದಲನೆಯದೇ ಒಬ್ಬ ಗುಮಾಸ್ತನ ಹಾಡು. ‘ಜೇನಿ ಜೋನ್ಸ್’ ಎಂಬ ಅದರ ಹೆಸರು ಆ ಕಾಲದ ಪತ್ರಿಕೆಗಳಲ್ಲಿ ಹಗರಣದ ಸುದ್ದಿಯಾಗಿದ್ದ ಗಾಯಕಿಯೊಬ್ಬಳದು. ಆದರೆ ಹಾಡು ಅವಳದಲ್ಲ. ಕಚೇರಿಯ ಕಡತಗಳ ನಡುವೆ ದಿನ ಕಳೆಯುವ, ಮಾಲಿಕನ ಮುಖ ಕಂಡರಾಗದ, ಸಂಜೆಯಾಗುವುದನ್ನೇ ಕಾಯುವ ಸಾಮಾನ್ಯನದು. ಅವನು ಕ್ರಾಂತಿಕಾರಿಯಲ್ಲ. ಅವನಿಗೆ ಅವನ ಕೆಲಸ ಬೇಸರ, ಅಷ್ಟೇ. ಕಾರ್ಮಿಕ ಗೀತೆಗಳೆಂದರೆ ಬಾವುಟ, ಮುಷ್ಟಿ, ಉದಯಸೂರ್ಯ ಎಂದು ತಿಳಿದಿರುವ ನಮಗೆ ಇದು ಅಲ್ಪ ವಿಷಯವೆಂದು ತೋರಬಹುದು. ಆದರೆ ದುಡಿಯುವವನ ದಿನದಲ್ಲಿ ಬಾವುಟದ ಹೊತ್ತು ಎಷ್ಟು, ಬೇಸರದ ಹೊತ್ತು ಎಷ್ಟು ಎಂಬುದನ್ನು ವಾಚಕರೇ ಲೆಕ್ಕ ಹಾಕಿಕೊಳ್ಳಲಿ.

‘ಫಾರ್ಟಿ ಎಯ್ಟ್ ಅವರ್ಸ್’ ಎಂಬುದು ಇನ್ನೊಂದು. ಶುಕ್ರವಾರ ಸಂಜೆಯಿಂದ ಸೋಮವಾರದ ತನಕ ಕೈಗೆ ದೊರೆಯುವ ೪೮ ಗಂಟೆಗಳ ಹಾಡು ಇದು. ಆ ಹೊತ್ತಿನೊಳಗೇ ವಾರವಿಡೀ ಕಳೆದುಕೊಂಡ ಜೀವವನ್ನೆಲ್ಲ ಹಿಂದಕ್ಕೆ ಪಡೆಯಬೇಕೆಂಬ ಆತುರ. ಒಂದೂವರೆ ನಿಮಿಷದಲ್ಲಿ ಮುಗಿದುಹೋಗುತ್ತದೆ, ರಜೆ ಮುಗಿದಂತೆಯೇ. ನಮ್ಮ ಹೋಟೆಲು ಕ್ಯಾಂಟೀನುಗಳ ಹುಡುಗರಿಗೆ ೪೮ ಗಂಟೆ ಎಲ್ಲಿ ಬಂತು, ೨೪ ದೊರೆತರೆ ಪುಣ್ಯ. ಅದರಲ್ಲಿಯೂ ಅರ್ಧ ಬಟ್ಟೆ ಒಗೆಯುವುದಕ್ಕೆ, ಉಳಿದರ್ಧ ಊರಿಗೆ ಫೋನು ಮಾಡುವುದಕ್ಕೆ. ಆದರೂ ರಜೆಯ ಸಂಜೆಯ ಹೊತ್ತಿಗೇ ಮರುದಿನದ ಪಾಳಿ ಎದೆಯ ಮೇಲೆ ಬಂದು ಕೂರುತ್ತದಲ್ಲ, ಆ ಭಾರಕ್ಕೆ ದೇಶಭಾಷೆಗಳ ಭೇದವಿಲ್ಲ.

ಆದರೆ ತಟ್ಟೆಯ ಪ್ರಾಣವಿರುವುದು ‘ಕೆರಿಯರ್ ಆಪರ್ಚುನಿಟೀಸ್’ ಎಂಬ ಹಾಡಿನಲ್ಲಿ. ಉದ್ಯೋಗಾವಕಾಶಗಳು ಎಂದು ಅದರ ಅರ್ಥ. ಉದ್ಯೋಗ ಕಚೇರಿಯ ಗೋಡೆಯ ಮೇಲೆ ಅಂಟಿಸುವ ಮಾತು ಅದು. ಶಾಲೆ ಬಿಟ್ಟ ಹುಡುಗನಿಗೆ ಕಚೇರಿಯವರು ಏನೇನು ಕೊಡಲು ಸಿದ್ಧರಿದ್ದಾರೆಂಬುದರ ಪಟ್ಟಿಯನ್ನೇ ಸ್ಟ್ರಮ್ಮರ್ ಓದುತ್ತಾ ಹೋಗುತ್ತಾನೆ: ಭೂಸೇನೆ, ವಾಯುಸೇನೆ, ಪೊಲೀಸು, ಆಕಾಶವಾಣಿಯ ಕಟ್ಟಡದಲ್ಲಿ ಚಹಾ ಕಾಸುವುದು, ಬಸ್ಸು ನಡೆಸುವುದು, ಆಂಬುಲೆನ್ಸಿನ ಕೆಲಸ. ಪ್ರತಿಯೊಂದಕ್ಕೂ ಬೇಡ, ಬೇಡ. ಬಾಂಬು ಅಡಗಿಸಿಟ್ಟ ಕಾಗದಗಳನ್ನು ಒಡೆಯುವ ಕೆಲಸವೂ ಈ ಪಟ್ಟಿಯಲ್ಲಿದೆ. ಕೇಳುವವರಿಗೆ ಅದು ಕವಿಯ ಉತ್ಪ್ರೇಕ್ಷೆ ಎನಿಸೀತು. ವಾಸ್ತವವಾಗಿ ಮಿಕ್ ಜೋನ್ಸ್ ಸಾಮಾಜಿಕ ಭದ್ರತೆಯ ಸರಕಾರಿ ಕಚೇರಿಯೊಂದರಲ್ಲಿ ಕಿರಿಯ ನೌಕರನಾಗಿದ್ದಾಗ ಐರಿಷ್ ಬಂಡಾಯಗಾರರ ಕಾಗದದ ಬಾಂಬುಗಳು ಲಂಡನ್ನಿಗೆ ಬರುತ್ತಿದ್ದವು. ಟಪಾಲು ಒಡೆದು ನೋಡುವ ಕೆಲಸವನ್ನು ಅಲ್ಲಿನ ಅತ್ಯಂತ ಕಿರಿಯನಾದ ಅವನಿಗೇ ವಹಿಸಲಾಗಿತ್ತು. ಅಪಾಯದ ಕೆಲಸ ಕಡಿಮೆ ಸಂಬಳದವನ ಪಾಲಿಗೇ ಬರುತ್ತದೆಂಬುದನ್ನು ಇದಕ್ಕಿಂತ ಕಿರಿದಾಗಿ ಹೇಳುವುದು ಕಷ್ಟ. ಭಾಷಣವಿಲ್ಲ, ಅಂಕಿ ಅಂಶಗಳಿಲ್ಲ. ಕಾಗದ ಒಡೆಯುವ ಹುಡುಗನ ಕೈ ಮಾತ್ರ ಕಾಣುತ್ತದೆ.

ಈ ಹಾಡಿನ ಬಗೆಗೇ ನಮ್ಮಲ್ಲಿ ಒಂದು ಆಕ್ಷೇಪವೂ ಉಂಟು. ಅದನ್ನು ಮುಚ್ಚಿಡುವುದು ಸರಿಯಲ್ಲ. ನಮ್ಮ ವಾಚಕರಲ್ಲಿ ಬಸ್ಸು ನಡೆಸುವವರಿದ್ದಾರೆ. ಚಹಾ ಕಾಸಿ, ತಟ್ಟೆ ತೊಳೆದು, ರಾತ್ರಿಶಾಲೆಯಲ್ಲಿ ನಿದ್ದೆಗಣ್ಣಿನಲ್ಲಿ ಓದಿ ತಂಗಿಯರ ಮದುವೆ ಮಾಡಿದವರಿದ್ದಾರೆ. ಅವರ ಹೊಟ್ಟೆಪಾಡನ್ನು ಅವಮಾನಗಳ ಪಟ್ಟಿಗೆ ಸೇರಿಸಿ ಹಾಡಿದರೆ ನಾವು ಕೈ ತಟ್ಟಬೇಕೆ? ಲಂಡನ್ನಿನಲ್ಲಿಯೂ ಈ ಪ್ರಶ್ನೆ ಇತ್ತು, ಇರಬೇಕಾಗಿತ್ತು. ಬಿಳಿಯ ಹುಡುಗರು ಬೇಡವೆನ್ನುತ್ತಿದ್ದ ಬಸ್ಸಿನ ಕೆಲಸಕ್ಕೆ ಲಂಡನ್ ಸಾರಿಗೆಯವರು ೧೯೫೬ರಿಂದ ಬಾರ್ಬಡೋಸ್ ದ್ವೀಪಕ್ಕೇ ಹೋಗಿ ಜನರನ್ನು ನೇಮಿಸಿಕೊಂಡು ತಂದಿದ್ದರು. ಒಬ್ಬನಿಗೆ ಅಪಮಾನವೆನಿಸಿದ ಕೆಲಸಕ್ಕಾಗಿ ಮತ್ತೊಬ್ಬನು ಸಮುದ್ರ ದಾಟಿ ಬಂದಿದ್ದನು. ಇನ್ನು ನಮ್ಮ ದೇಶದಲ್ಲಿಯಂತೂ, ಸೇನೆಯ ಕೆಲಸವು ನಾಲ್ಕೇ ವರ್ಷಕ್ಕೆ ಇಳಿಯಿತೆಂದು ೨೦೨೨ರ ಜೂನಿನಲ್ಲಿ ತರುಣರು ರೈಲುಗಳಿಗೆ ಬೆಂಕಿಯಿಟ್ಟದ್ದನ್ನು ಕಂಡವರಿಗೆ, ಸೇನೆಯೂ ಬೇಡವೆನ್ನುವ ಹುಡುಗರು ಬೇರೊಂದು ಲೋಕದವರಂತೆಯೇ ತೋರುತ್ತಾರೆ.

ಆದರೂ ಹಾಡನ್ನು ಮತ್ತೊಮ್ಮೆ ಕೇಳಿ ನೋಡಿದಲ್ಲಿ, ಅದರ ಸಿಟ್ಟು ಚಹಾ ಕಾಸುವವನ ಮೇಲಲ್ಲ, ಹಂಚುವ ಕಿಟಕಿಯ ಮೇಲೆ ಎಂಬುದು ತಿಳಿಯುತ್ತದೆ. ನಿನ್ನ ವಂಶ ಇಷ್ಟು, ನಿನ್ನ ಶಾಲೆ ಇಷ್ಟು, ಆದುದರಿಂದ ನಿನಗೆ ಇಷ್ಟೇ ಎಂದು ಹೆಸರು ಕೇಳುವ ಮೊದಲೇ ತೀರ್ಮಾನಿಸಿರುವ ಕಿಟಕಿ ಅದು. ಜಾತಿಯಿಂದ ಕಸುಬು ಗೊತ್ತಾಗುವ ನಾಡಿನಿಂದ ಬಂದ ನಮಗೆ ಆ ಕಿಟಕಿಯ ಪರಿಚಯವನ್ನು ಇಂಗ್ಲಿಷರು ಮಾಡಿಕೊಡಬೇಕಾಗಿಲ್ಲ.

ಕಿಟಕಿಗೆ ಬೆನ್ನು ತಿರುಗಿಸುವುದು ಒಂದು ಉತ್ತರ. ಅದೇ ಲಂಡನ್ನಿನಲ್ಲಿ, ಅದೇ ತಿಂಗಳುಗಳಲ್ಲಿ, ಇನ್ನೊಂದು ಉತ್ತರವನ್ನು ನಮ್ಮ ದೇಶದ ಹೆಂಗಸರು ಕೊಟ್ಟರು. ಈ ತಟ್ಟೆಯನ್ನು ಕೇಳುವಾಗಲೆಲ್ಲ ನಮಗೆ ಅವರ ನೆನಪಾಗುತ್ತದೆ. ನಗರದ ವಾಯವ್ಯಕ್ಕೆ ವಿಲ್ಸ್‌ಡನ್ ಎಂಬಲ್ಲಿ ಛಾಯಾಚಿತ್ರಗಳನ್ನು ಸಂಸ್ಕರಿಸುವ ಗ್ರನ್ವಿಕ್ ಎಂಬ ಕಾರ್ಖಾನೆ. ಪೂರ್ವ ಆಫ್ರಿಕದಿಂದ ಬಂದು ನೆಲೆಸಿದ ಗುಜರಾತಿ ಹೆಂಗಸರೇ ಅಲ್ಲಿ ಹೆಚ್ಚಾಗಿ ದುಡಿಯುತ್ತಿದ್ದವರು. ಕಡಿಮೆ ಕೂಲಿ, ಕಡ್ಡಾಯದ ಹೆಚ್ಚು ಹೊತ್ತಿನ ದುಡಿಮೆ, ಶೌಚಕ್ಕೆ ಹೋಗಲು ಕೈಯೆತ್ತಿ ಅನುಮತಿ. ೧೯೭೬ರ ಆಗಸ್ಟ್ ೨೦ರಂದು ಜಯಾಬೆನ್ ದೇಸಾಯಿ ಎಂಬ ಗುಜರಾತಿನ ಧರ್ಮಜದ ಹೆಣ್ಣುಮಗಳು ಕೋಟು ತೊಟ್ಟು ಹೊರನಡೆದಳು. ಇದು ಕಾರ್ಖಾನೆಯಲ್ಲ, ಮೃಗಾಲಯ. ಇಲ್ಲಿ ಕುಣಿಯುವ ಕೋತಿಗಳೂ ಇವೆ, ತಲೆ ಕಚ್ಚಬಲ್ಲ ಸಿಂಹಗಳೂ ಇವೆ ಎಂಬರ್ಥದ ಮಾತನ್ನು ಮೇಲಧಿಕಾರಿಯ ಮುಖಕ್ಕೇ ಹೇಳಿ ಹೊರಟಳೆಂಬುದು ಈಗ ಅಲ್ಲಿಯ ಕಾರ್ಮಿಕ ಚರಿತ್ರೆಯ ಭಾಗ. ಕಡೆಗೆ ೧೩೭ ಮಂದಿ ಮುಷ್ಕರಕ್ಕೆ ನಿಂತರು. ಸೀರೆಯುಟ್ಟ ಹೆಂಗಸರು ಚಳಿಯಲ್ಲಿ ಬಾಗಿಲು ಕಾದರು. ಅಂಚೆಯ ನೌಕರರು ಕಾರ್ಖಾನೆಯ ಟಪಾಲನ್ನು ಮುಟ್ಟಲೊಲ್ಲೆವೆಂದರು; ೧೯೭೭ರ ಬೇಸಗೆಯಲ್ಲಿ ಗಣಿ ಕಾರ್ಮಿಕರೂ ಸಾವಿರಾರು ಸಂಖ್ಯೆಯಲ್ಲಿ ಬಂದು ಅವರೊಡನೆ ನಿಂತರು. ಮುಷ್ಕರ ಸೋತಿತು. ೧೯೭೮ರ ಜುಲೈಯಲ್ಲಿ, ಬೇಡಿಕೆಯೊಂದೂ ಕೈಗೂಡದೆ, ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಕ್ಲಾಷ್ ತಂಡದ ತಟ್ಟೆ ಅಂಗಡಿಗೆ ಬಂದಾಗ ಈ ಹೆಂಗಸರು ಎಂಟನೆಯ ತಿಂಗಳಿನ ಮುಷ್ಕರದಲ್ಲಿದ್ದರು. ಮಿಕ್ ಜೋನ್ಸ್ ಅಜ್ಜಿಯೊಡನೆ ವಾಸಿಸುತ್ತಿದ್ದ ಬಹುಮಹಡಿಯ ಕಟ್ಟಡದಿಂದ ಅವರ ಬಾಗಿಲಿಗೆ ಕೆಲವೇ ಮೈಲಿ.

ತಟ್ಟೆಯಲ್ಲಿ ಅವರ ಹೆಸರಿಲ್ಲ. ಇರಬೇಕಾಗಿತ್ತೆಂದು ಈಗ ದೂರುವುದು ಸುಲಭ. ಆದರೆ ಹಾಡುಗಾರನು ತಾನು ಕಂಡದ್ದನ್ನು ಹಾಡುತ್ತಾನೆ, ಕಾಣದ್ದನ್ನು ಹಾಡಿದರೆ ಅದು ಭಾಷಣವಾಗುತ್ತದೆ. ನಾವು ಹೇಳುವುದು ಬೇರೆ. ಕೀಳು ಕೆಲಸ ಬೇಡವೆಂದು ಹೊರಗೇ ಉಳಿದ ಹುಡುಗನೂ, ಆ ಕೆಲಸವನ್ನೇ ಹಿಡಿದು ಮರ್ಯಾದೆಗಾಗಿ ಹೊರಬಂದ ಹೆಂಗಸೂ ಒಂದೇ ಮಾತನ್ನು ಎರಡು ಕಡೆಯಿಂದ ಹೇಳಿದರು. ಹುಡುಗನ ಮಾತಿಗೆ ತಾಳ ಸಿಕ್ಕಿತು, ತಟ್ಟೆಯಾಯಿತು. ಹೆಂಗಸಿನ ಮಾತು ವಾರ್ತಾಪತ್ರಗಳ ಕಡತಕ್ಕೆ ಹೋಯಿತು. ೨೦೧೦ರಲ್ಲಿ ಜಯಾಬೆನ್ ತೀರಿಕೊಂಡಾಗ ನಮ್ಮ ಎಷ್ಟು ಸಂಘಗಳಲ್ಲಿ ಒಂದು ನಿಮಿಷ ಎದ್ದು ನಿಂತೆವು?

ಬಣ್ಣದ ಪ್ರಶ್ನೆ ಬಂದದ್ದರಿಂದ ‘ವೈಟ್ ರಯಟ್’ ಎಂಬ ಹಾಡಿನ ಸಂಗತಿಯನ್ನೂ ಹೇಳಿಬಿಡಬೇಕು. ಬಿಳಿಯರ ದಂಗೆ ಎಂಬ ಹೆಸರು ಕೇಳಿದ ಕೂಡಲೇ ನಮ್ಮಂಥವರಿಗೆ ಅನುಮಾನ ಹುಟ್ಟುವುದು ಸ್ವಾಭಾವಿಕ. ನಡೆದದ್ದು ಹೀಗೆ: ಜಯಾಬೆನ್ ಹೊರಬಂದ ಹತ್ತು ದಿನಗಳ ಮೇಲೆ, ೧೯೭೬ರ ಆಗಸ್ಟ್ ೩೦ರಂದು, ನಾಟಿಂಗ್ ಹಿಲ್ ಭಾಗದಲ್ಲಿ ವೆಸ್ಟ್ ಇಂಡೀಸಿನವರ ವಾರ್ಷಿಕ ಉತ್ಸವ. ಪೊಲೀಸರು ಭಾರೀ ಸಂಖ್ಯೆಯಲ್ಲಿ ಬಂದಿದ್ದರು. ಕರಿಯ ತರುಣರಿಗೂ ಅವರಿಗೂ ಕಾಳಗವೇ ನಡೆಯಿತು. ನೂರಕ್ಕೂ ಹೆಚ್ಚು ಪೊಲೀಸರು ಗಾಯಗೊಂಡರು. ಸ್ಟ್ರಮ್ಮರ್ ಮತ್ತು ಸಿಮೊನನ್ ಆ ಗಲಭೆಯ ನಡುವೆ ಸಿಕ್ಕಿಕೊಂಡಿದ್ದರು. ಕರಿಯರು ತಮ್ಮ ಅನ್ಯಾಯಕ್ಕೆ ಎದುರು ನಿಂತಿದ್ದಾರೆ, ನಮ್ಮ ಬಣ್ಣದ ಬಡವರು ಮಾತ್ರ ಹೇಳಿದಂತೆ ಕೇಳಿಕೊಂಡು ಬಿದ್ದಿದ್ದಾರೆ ಎಂಬ ನಾಚಿಕೆಯಿಂದ ಹುಟ್ಟಿದ ಹಾಡು ಅದು. ತಟ್ಟೆಯ ಹಿಂಬದಿಯ ಚಿತ್ರವೂ ಅಂದಿನದೇ, ಓಡಿ ಬರುತ್ತಿರುವ ಪೊಲೀಸರದು. ಅರ್ಧ ಕೇಳಿದವರು ಅದನ್ನು ಬಿಳಿಯರ ಪಕ್ಷದ ಘೋಷಣೆಯೆಂದು ತಪ್ಪು ತಿಳಿದದ್ದೂ ಉಂಟು. ಘೋಷಣೆಯಂತಿರುವ ಹಾಡಿಗೆ ಈ ಅಪಾಯ ಇದ್ದೇ ಇರುತ್ತದೆ. ನಮ್ಮ ಮಟ್ಟಿಗೆ ಇದು ತಟ್ಟೆಯ ಪ್ರಸಿದ್ಧ ಹಾಡೇ ಹೊರತು ಉತ್ತಮ ಹಾಡಲ್ಲ.

ಉತ್ತಮವಾದದ್ದು ಅವರು ಬರೆಯದ ಹಾಡು. ಜಮೈಕದ ಜೂನಿಯರ್ ಮರ್ವಿನ್ ೧೯೭೬ರಲ್ಲಿ ಹಾಡಿದ ‘ಪೊಲೀಸ್ ಅಂಡ್ ಥೀವ್ಸ್’ ಎಂಬ ರೆಗೇ ಗೀತೆಯನ್ನು ಇವರು ತಮ್ಮ ಒರಟು ಗಿಟಾರುಗಳಲ್ಲಿ ಆರು ನಿಮಿಷ ಎಳೆದು ಹಾಡಿದ್ದಾರೆ. ಉಳಿದ ಹಾಡುಗಳು ಒಂದೂವರೆ, ಎರಡು, ಮೂರು ನಿಮಿಷಕ್ಕೆ ಓಡಿಹೋಗುವಾಗ ಇದೊಂದು ಮಾತ್ರ ನಿಂತು ಉಸಿರಾಡುತ್ತದೆ. ಆಗ ಪಂಕ್ ಹುಡುಗರು ಸೇರುತ್ತಿದ್ದ ಲಂಡನ್ನಿನ ‘ರಾಕ್ಸಿ’ಯಲ್ಲಿ ತಟ್ಟೆ ಹಾಕುತ್ತಿದ್ದವನು ಡಾನ್ ಲೆಟ್ಸ್ ಎಂಬ ಕರಿಯ ತರುಣ, ಪಂಕ್ ತಟ್ಟೆಗಳೇ ಇನ್ನೂ ಹುಟ್ಟಿರದಿದ್ದ ಕಾರಣ ಅವನು ರೆಗೇ ಹಾಕುತ್ತಿದ್ದನು. ಹೀಗೆ ಬಡಾವಣೆಯ ನೆರೆಹೊರೆಯಲ್ಲಿ ನಡೆದ ಕೊಡುಕೊಳುಗೆ ಇದು, ಪಂಡಿತರ ಸಮ್ಮೇಳನದ ನಿರ್ಣಯವಲ್ಲ. ಮೂಲ ಹಾಡನ್ನು ಮರ್ವಿನ್ನನೊಡನೆ ರಚಿಸಿದ ಲೀ ಪೆರಿ ಅದೇ ವರ್ಷ ಈ ತಂಡದ ಮುಂದಿನ ಹಾಡೊಂದಕ್ಕೆ ತಾನೇ ನಿರ್ಮಾಪಕನಾದನು; ಬಾಬ್ ಮಾರ್ಲಿಯೂ ತನ್ನ ಹಾಡೊಂದರಲ್ಲಿ ಇವರ ಹೆಸರು ಹೇಳಿದನು. ಬಿಳಿಯರ ಜನಾಂಗವಾದಿ ಪಕ್ಷ ಬೀದಿಗಿಳಿದಿದ್ದ ದಿನಗಳವು. ೧೯೭೮ರ ಏಪ್ರಿಲ್ ೩೦ರಂದು ವಿಕ್ಟೋರಿಯಾ ಪಾರ್ಕಿನಲ್ಲಿ ಜನಾಂಗದ್ವೇಷದ ವಿರುದ್ಧ ನಡೆದ ಮಹಾಸಭೆಯಲ್ಲಿ ಇವರು ಹಾಡಿದರು. ಮರುವರ್ಷ ಸೌಥಾಲಿನಲ್ಲಿ, ಅಂದರೆ ಪಂಜಾಬಿಗಳು ಹೆಚ್ಚಾಗಿರುವ ಬಡಾವಣೆಯಲ್ಲಿ, ಪೊಲೀಸರು ಪ್ರತಿಭಟನೆಗಾರರನ್ನು ಹೊಡೆದು ಬಂಧಿಸಿದಾಗ, ಬಂಧಿತರ ಖಟ್ಲೆಯ ಖರ್ಚಿಗಾಗಿ ೧೯೭೯ರ ಜುಲೈಯಲ್ಲಿ ನಡೆದ ಕಚೇರಿಯಲ್ಲಿಯೂ ಹಾಡಿದರು. ಹೆಸರು ನೋಡಿ ಅನುಮಾನಪಟ್ಟವರಿಗೆ ಇದು ಸಾಕಾದೀತು.

ಇನ್ನು ಈ ತಂಡದ ಮೇಲಿರುವ ದೂರುಗಳು. ಬಡವರ ಪರವಾಗಿ ಹಾಡಿದ ಸ್ಟ್ರಮ್ಮರ್ ಬಡವನ ಮಗನೇ ಅಲ್ಲ ಎಂಬುದು ಮೊದಲನೆಯದು. ನಿಜ. ಅವನ ನಿಜನಾಮ ಜಾನ್ ಮೆಲ್ಲರ್. ೧೯೫೨ರಲ್ಲಿ ತುರ್ಕಿಯ ಅಂಕಾರದಲ್ಲಿ ಹುಟ್ಟಿದವನು. ತಂದೆ ಬ್ರಿಟಿಷ್ ವಿದೇಶಾಂಗ ಸೇವೆಯವನು, ಹುಟ್ಟಿದ್ದು ನಮ್ಮ ಲಖನೌದಲ್ಲಿ. ಮಗನು ವಸತಿಶಾಲೆಯಲ್ಲಿ ಓದಿದವನು. ಆದರೆ ಅಲ್ಲಿಂದ ಹೊರಬಿದ್ದ ಮೇಲೆ ಅವನು ಗೋರಿ ತೋಡಿದ್ದಾನೆ, ನಾಟಕಶಾಲೆಯ ಶೌಚಗೃಹ ತೊಳೆದಿದ್ದಾನೆ, ಪಾಳುಬಿದ್ದ ಮನೆಗಳಲ್ಲಿ ಬಾಡಿಗೆಯಿಲ್ಲದೆ ಹೊಕ್ಕು ಬದುಕಿದ್ದಾನೆ. ಹುಟ್ಟಿನಿಂದ ಬಡವನಾದವನಿಗೆ ಮಾತ್ರ ಬಡತನದ ಹಾಡಿನ ಹಕ್ಕು ಎಂದರೆ ನಮ್ಮ ಕಾರ್ಮಿಕ ಚಳವಳಿಯ ಅನೇಕ ವಕೀಲ ಮುಖಂಡರನ್ನೂ ವೇದಿಕೆಯಿಂದ ಇಳಿಸಬೇಕಾದೀತು. ಈ ದೂರಿಗೆ ನಾವು ಹೆಚ್ಚು ತೂಕ ಕೊಡುವುದಿಲ್ಲ.

ಎರಡನೆಯದು ಗಟ್ಟಿಯಾದದ್ದು. ಒಡೆಯರನ್ನು ಬಯ್ಯುವ ಈ ಹುಡುಗರು ೧೯೭೭ರ ಜನವರಿಯಲ್ಲಿ ಸಿ.ಬಿ.ಎಸ್. ಎಂಬ ಅಮೆರಿಕದ ಬೃಹತ್ ಕಂಪನಿಯಿಂದ ೧ ಲಕ್ಷ ಪೌಂಡು ಪಡೆದು ಕರಾರಿಗೆ ಸಹಿ ಹಾಕಿದರು. ಪಂಕ್ ಸತ್ತದ್ದೇ ಅಂದು ಎಂದು ಆಗಿನ ಪುಟ್ಟ ಪತ್ರಿಕೆಯೊಂದರ ಸಂಪಾದಕ ಮಾರ್ಕ್ ಪೆರಿ ಬರೆದನು. ಕರಾರು ಏನೆಂಬುದು ಬೇಗನೇ ತಿಳಿಯಿತು: ತಂಡವನ್ನು ಕೇಳದೆಯೇ ಕಂಪನಿಯು ‘ರಿಮೋಟ್ ಕಂಟ್ರೋಲ್’ ಎಂಬ ಹಾಡನ್ನು ಬಿಡಿ ತಟ್ಟೆಯಾಗಿ ಹೊರಡಿಸಿತು. ದೂರದಿಂದ ಆಡಿಸುವವರ ವಿರುದ್ಧ ಬರೆದ ಹಾಡನ್ನೇ ದೂರದಿಂದ ಆಡಿಸಿದಂತಾಯಿತು. ಆ ಸಿಟ್ಟಿನಿಂದಲೇ ‘ಕಂಪ್ಲೀಟ್ ಕಂಟ್ರೋಲ್’ ಎಂಬ ಇನ್ನೊಂದು ಹಾಡು ಹುಟ್ಟಿತು. ಅದನ್ನು ಮಾರಿ ಲಾಭ ಮಾಡಿದ್ದೂ ಅದೇ ಕಂಪನಿ. ಪೆರಿ ಎಂಬ ಹೆಸರಿನ ಇನ್ನೊಬ್ಬನು, ಮೇಲೆ ಹೇಳಿದ ಜಮೈಕದವನು, ನಿರ್ಮಾಪಕನಾದದ್ದು ಈ ಹಾಡಿಗೇ. ಅಮೆರಿಕದ ಶಾಖೆಯವರಂತೂ ಇಷ್ಟು ಒರಟಾದ ಸರಕು ರೇಡಿಯೋಕ್ಕೆ ಸಲ್ಲದೆಂದು ತಟ್ಟೆಯನ್ನು ಹೊರಡಿಸಲೇ ಇಲ್ಲ. ಜನ ಬಿಡಲಿಲ್ಲ, ಲಂಡನ್ನಿನಿಂದ ತರಿಸಿದ ಪ್ರತಿಗಳೇ ಅಲ್ಲಿ ೧ ಲಕ್ಷದ ಮೇಲೆ ಖರ್ಚಾದವು. ಆಗ ಕಂಪನಿಗೆ ಜ್ಞಾನೋದಯವಾಗಿ ೧೯೭೯ರ ಜುಲೈಯಲ್ಲಿ, ಕೆಲವು ಹಾಡುಗಳನ್ನು ಕಿತ್ತು ಕೆಲವನ್ನು ಸೇರಿಸಿ, ತನ್ನದೇ ಒಂದು ಪಾಠವನ್ನು ಹೊರತಂದಿತು. ಕಿತ್ತವುಗಳಲ್ಲಿ ೪೮ ಗಂಟೆಗಳ ಹಾಡೂ ಒಂದು. ದುಡಿಯುವವನ ರಜೆಯನ್ನು ಕತ್ತರಿಸುವುದು ಮಾಲಿಕರಿಗೆ ಅಭ್ಯಾಸಬಲ!

ಅವರು ಹಣ ಪಡೆದದ್ದನ್ನು ನಾವು ಸಮರ್ಥಿಸುವುದಿಲ್ಲ, ಖಂಡಿಸುವುದೂ ಇಲ್ಲ. ಕರಾರಿಗೆ ಸಹಿ ಹಾಕದೆ ಅನ್ನ ಕಾಣದವನು ಕರಾರನ್ನು ಓದಿ ಸಹಿ ಹಾಕಲಿಲ್ಲವೆಂದು ಬಯ್ಯುವುದು ಹೊಟ್ಟೆ ತುಂಬಿದವರಿಗೆ ಸಲ್ಲುವ ಕೆಲಸ. ಆದರೆ ಬಂಡಾಯವೂ ಸರಕಾಗುತ್ತದೆಂಬುದನ್ನು ಮರೆಯಬಾರದು. ಇದೇ ತಂಡದ ಮುಂದಿನ ಕಾಲದ ಹಾಡೊಂದು ೧೯೯೧ರಲ್ಲಿ ಲೀವೈಸ್ ಚಲ್ಲಣದ ಜಾಹೀರಾತಿನ ಬೆನ್ನೇರಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಬಂದಿತು. ತಂಡ ಜೀವಂತವಾಗಿದ್ದಾಗ ಅವರ ಯಾವ ಹಾಡೂ ಅಲ್ಲಿ ಆ ಸ್ಥಾನ ಕಂಡಿರಲಿಲ್ಲ. ಲೋಕಲ್ ಗಾಡಿಯಲ್ಲಿ ತಂಡದ ಹೆಸರು ಅಚ್ಚಾದ ಅಂಗಿ ತೊಟ್ಟ ಹುಡುಗನನ್ನು ಕಂಡು ಕ್ರಾಂತಿ ಬಂತೆಂದು ನಾವು ಭಾವಿಸಬೇಕಾಗಿಲ್ಲ.

ಹಾಗಾದರೆ ಉಳಿದದ್ದು ಏನು? ಸಿಟ್ಟೇ ಎಂದು ಹಲವರು ಹೇಳುತ್ತಾರೆ, ನಾವು ಒಪ್ಪುವುದಿಲ್ಲ. ಸಿಟ್ಟಿನ ತಟ್ಟೆಗಳು ಆ ವರ್ಷ ಬಹಳ ಬಂದವು, ಬಹಳ ಹೋದವು. ಈ ತಟ್ಟೆಯಲ್ಲಿ ಸಿಟ್ಟಿಗೆ ವಿಳಾಸವಿದೆ. ‘ಲಂಡನ್ಸ್ ಬರ್ನಿಂಗ್’ ಎಂಬ ಹಾಡನ್ನು ನೋಡಿ. ಲಂಡನ್ ಉರಿಯುತ್ತಿದೆ ಎಂದು ಅದರ ಹೆಸರು. ಮಕ್ಕಳು ಸರದಿಯಲ್ಲಿ ಹಾಡುವ ಹಳೆಯ ಪದದಿಂದ ತೆಗೆದುಕೊಂಡದ್ದು. ಆದರೆ ಹಾಡಿನಲ್ಲಿ ಬೆಂಕಿಯೇ ಇಲ್ಲ, ಇರುವುದು ಬೇಸರ: ಟೆಲಿವಿಷನ್ನಿನ ಮುಂದೆ ಕುಳಿತ ಊರು, ಖಾಲಿ ರಸ್ತೆ. ಆ ರಸ್ತೆ ಯಾವುದೋ ಒಂದು ರಸ್ತೆಯಲ್ಲ. ೧೯೭೦ರಲ್ಲಿ ಬಡವರ ಮನೆಗಳನ್ನು ಕೆಡವಿ, ಉಳಿದವರ ಕಿಟಕಿಗಳ ಪಕ್ಕದಲ್ಲೇ ಎತ್ತರದಲ್ಲಿ ಹಾಯಿಸಿದ ‘ವೆಸ್ಟ್‌ವೇ’. ಜೋನ್ಸ್ ಇದ್ದ ಕಟ್ಟಡದ ಹದಿನೆಂಟನೆಯ ಮಹಡಿಯಿಂದ ಅದು ಕೆಳಗೆ ಕಾಣುತ್ತಿತ್ತು. (ಮಹಮ್ಮದಲೀ ರಸ್ತೆಯ ಮಾಳಿಗೆಗಳಲ್ಲಿ ವಾಸಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.) ಬಂಡವಾಳಶಾಹಿಯನ್ನು ಧಿಕ್ಕರಿಸುವ ಹಾಡು ಎಲ್ಲಿಯಾದರೂ ಹುಟ್ಟಬಹುದು, ಈ ಹಾಡು ಆ ಕಿಟಕಿಯಲ್ಲಿ ಮಾತ್ರ ಹುಟ್ಟಬಲ್ಲದು. ತನ್ನ ಬೀದಿಯನ್ನು ಬಿಟ್ಟು ಬೇರೆಯವರ ಬೀದಿಯ ಹಾಡನ್ನು ಹಾಡಬಾರದೆಂಬ ಹಟ ತಟ್ಟೆಯ ತುಂಬ ಇದೆ. ಅಮೆರಿಕ ಬೇಸರವಾಯಿತೆಂಬ ಹಾಡೂ ಮೊದಲು ಒಬ್ಬ ಹುಡುಗಿ ಬೇಸರವಾದಳೆಂದು ಜೋನ್ಸ್ ಬರೆದದ್ದಂತೆ; ಸ್ಟ್ರಮ್ಮರ್ ಅದರ ಹೆಸರನ್ನು ತಪ್ಪಾಗಿ ಕೇಳಿಸಿಕೊಂಡು ಇಡೀ ದೇಶವನ್ನೇ ಸೇರಿಸಿದನು. ಕಡೆಯ ಹಾಡಾದ ‘ಗ್ಯಾರೇಜ್‌ಲ್ಯಾಂಡ್’ ಅಂತೂ ಒಬ್ಬ ವಿಮರ್ಶಕನಿಗೆ ನೇರ ಉತ್ತರ: ಈ ತಂಡವನ್ನು ಗ್ಯಾರೇಜಿಗೇ ಮರಳಿಸಬೇಕೆಂದು ಅವನು ಬರೆದಿದ್ದನು, ಹೌದು, ನಾವು ಅಲ್ಲಿಯವರೇ ಎಂದು ಇವರು ಹಾಡಿದರು. ನಮ್ಮ ತರುಣ ಲೇಖಕರು, ನಾಟಕ ತಂಡಗಳವರು ಮುಂಬಯಿಯಲ್ಲಿ ಕುಳಿತು ತಾವು ಕಾಣದ ಹೊಲಗದ್ದೆಗಳ ವರ್ಣನೆ ಮಾಡುವಾಗ ಈ ಹಟವನ್ನು ಸ್ವಲ್ಪ ಸಾಲ ತೆಗೆದುಕೊಂಡರೆ ಒಳ್ಳೆಯದಾದೀತು.

ಸಂಗೀತದ ದೃಷ್ಟಿಯಿಂದ ಇದು ಶ್ರೇಷ್ಠವೇ ಎಂದು ಕೇಳಿದರೆ, ಶಾಸ್ತ್ರ ಬಲ್ಲವರು ನಕ್ಕಾರು. ಮೂರು ನಾಲ್ಕು ಸ್ವರಮೇಳಗಳು, ಓಡುವ ತಾಳ, ಮಾತುಗಳನ್ನು ಅರ್ಧ ನುಂಗುವ ಕಂಠ. ಆದರೆ ಎರಡು ಗಿಟಾರುಗಳು ಎಡಗಿವಿಗೊಂದು ಬಲಗಿವಿಗೊಂದು ನಿಂತು ವಾದಿಸುವ ಕ್ರಮದಲ್ಲಿ ಜೋನ್ಸನ ಜಾಣತನ ಕಾಣುತ್ತದೆ. ಮುದ್ರಣಶಾಲೆಯ ನಯಸಾಣೆ ಇದಕ್ಕೆ ತಗಲಿಲ್ಲ. ವೇದಿಕೆಯಲ್ಲಿ ಇವರ ಧ್ವನಿವರ್ಧಕಗಳನ್ನು ನೋಡಿಕೊಳ್ಳುತ್ತಿದ್ದ ಮಿಕಿ ಫೂಟನನ್ನೇ ನಿರ್ಮಾಪಕನೆಂದು ಕೂರಿಸಿಕೊಂಡಿದ್ದರು. ನಯಸಾಣೆಯ ತಟ್ಟೆಗಳು ಆಯಾ ಕಾಲದ ಯಂತ್ರಗಳೊಡನೆ ಹಳತಾಗುತ್ತವೆ. ಈ ಒರಟು ಹಳತಾಗಲಿಲ್ಲ.

ತಂಡ ಒಡೆಯಿತು, ೧೯೮೩ರಲ್ಲಿ ಜೋನ್ಸನನ್ನೇ ಹೊರಗೆ ಹಾಕಿದರು. ಮತ್ತೆ ಕೂಡಿ ಹಾಡಲು ಬಂದ ಹಣದ ಆಹ್ವಾನಗಳಿಗೆ ಅವರು ಒಪ್ಪಲಿಲ್ಲ. ೨೦೦೨ರ ನವೆಂಬರಿನಲ್ಲಿ ಬ್ರಿಟನ್ನಿನ ಅಗ್ನಿಶಾಮಕ ನೌಕರರು ೩೦ ಸಾವಿರ ಪೌಂಡು ವಾರ್ಷಿಕ ವೇತನ ಕೇಳಿ ಮುಷ್ಕರ ಹೂಡಿದರು. ಅವರ ಮೊದಲ ರಾಷ್ಟ್ರವ್ಯಾಪಿ ಮುಷ್ಕರ ನಡೆದದ್ದು ಈ ತಟ್ಟೆ ಹೊರಬಂದ ೧೯೭೭ರಲ್ಲಿಯೇ. ಈ ಸಲದ ಮೊದಲ ಸರದಿ ೪೮ ಗಂಟೆಗಳದು. ಅದು ಮುಗಿದ ಸಂಜೆ, ನವೆಂಬರ್ ೧೫ರಂದು, ಪಶ್ಚಿಮ ಲಂಡನ್ನಿನ ಆಕ್ಟನ್ ಪುರಭವನದಲ್ಲಿ ಅವರ ಸ್ವಂತ ಯೂನಿಯನ್ನಿನ ಸಹಾಯಾರ್ಥ ಸ್ಟ್ರಮ್ಮರ್ ತನ್ನ ಹೊಸ ತಂಡದೊಡನೆ ಹಾಡಿದನು. ಸಭಿಕರ ನಡುವೆ ಮಿಕ್ ಜೋನ್ಸ್ ಇದ್ದನು. ಕಡೆಗೆ ಅವನು ಕರೆಯದೆಯೇ ವೇದಿಕೆ ಹತ್ತಿ ಗಿಟಾರು ಎತ್ತಿಕೊಂಡನು. ಹತ್ತೊಂಬತ್ತು ವರ್ಷಗಳ ಮೇಲೆ ಇಬ್ಬರೂ ಜೊತೆಗೆ ನಿಂತದ್ದು ಅದೇ ಮೊದಲು. ಹಾಡಿದ್ದರಲ್ಲಿ ಈ ತಟ್ಟೆಯ ‘ಲಂಡನ್ಸ್ ಬರ್ನಿಂಗ್’ ಇತ್ತು, ಕೇಳುತ್ತಿದ್ದವರಲ್ಲಿ ಬೆಂಕಿ ಆರಿಸುವವರು ಇದ್ದರು. ಅಲ್ಲಿಂದ ಐದು ವಾರಗಳಿಗೆ, ಡಿಸೆಂಬರ್ ೨೨ರಂದು, ಸ್ಟ್ರಮ್ಮರ್ ತನ್ನ ೫೦ನೆಯ ವಯಸ್ಸಿನಲ್ಲಿ ಹೃದಯದ ತೊಂದರೆಯಿಂದ ತೀರಿಕೊಂಡನು. ಅವನ ಶವಯಾತ್ರೆಗೆ ಅಗ್ನಿಶಾಮಕ ದಳದವರು ಬಂದು ಗೌರವ ಸಲ್ಲಿಸಿದರು.